ರೇಷ್ಮೆ, ಕ್ಯಾಶ್ಮೀರ್ ದಿನಾ ಹಾಕಿದವರು ಅನುಭವ ಹೇಳಿ

ಪ್ರಶ್ನೆ: ಎರಡು ರೇಷ್ಮೆ ಶರ್ಟು, ಒಂದು ಕ್ಯಾಶ್ಮೀರ್ (ಮೇಕೆಯ ನಯವಾದ ತುಪ್ಪಳ) ಸ್ವೆಟರ್ ಬೀರುವಿನಲ್ಲಿ ಸುಮ್ನೆ ಕೂತಿವೆ. ಈಗ ಎಲ್ಲರೂ ಜೀನ್ಸ್ ಮೇಲೂ ರೇಷ್ಮೆ ಹಾಕುತ್ತಾರೆ. ನಾನೂ ದಿನಾ ಕೆಲಸಕ್ಕೆ ಹಾಕಲಾ?

ನೂಲೆಳೆ: ನಾನು ಮೂರು ವರ್ಷದಿಂದ ರೇಷ್ಮೆ ಶರ್ಟು ಹಾಕುತ್ತಿದ್ದೇನೆ. ಮೊದಲನೆಯದು 16 ಮೊಮ್ಮೆ (ರೇಷ್ಮೆ ಬಟ್ಟೆಯ ತೂಕದ ಅಳತೆ), ಅಂದರೆ ಚದರ ಮೀಟರಿಗೆ 70 ಗ್ರಾಂ ಕೂಡ ಇಲ್ಲ. ಆರು ತಿಂಗಳಿಗೆ ಕಂಕುಳಲ್ಲಿ ಬೆವರಿನ ಕಲೆ. ಎಂಟನೇ ತಿಂಗಳಿಗೆ ಹೊಲಿಗೆ ಪಕ್ಕ ಎಳೆ ಜರುಗಿ ಬಟ್ಟೆ ಜಾಳಾಯಿತು. ಎರಡನೆಯದನ್ನು ಮಾಮೂಲಿ ಪುಡಿಯಲ್ಲಿ ನೆನೆಸಿ ನಾನೇ ಹಾಳು ಮಾಡಿದೆ. ಕಲೆ ತೆಗೆಯುವ ಎಂಜೈಮ್ ಪ್ರೋಟೀನನ್ನು ತಿನ್ನುತ್ತದೆ, ರೇಷ್ಮೆಯೂ ಪ್ರೋಟೀನೇ ಅಲ್ವಾ! ಮೂರನೆಯದು 22 ಮೊಮ್ಮೆ. ತಣ್ಣೀರಲ್ಲಿ ಅದ್ದಿ, ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತುತ್ತೇನೆ. ನೆರಳಲ್ಲೇ ಒಣಗಬೇಕು. ಇನ್ನೂ ಗಟ್ಟಿಯಿದೆ.

ಕಪಾಟು: ರೇಷ್ಮೆಯೇ ವಾಸಿ. ನನ್ನ ಕ್ಯಾಶ್ಮೀರಿನಲ್ಲಿ ಬ್ಯಾಗ್ ಉಜ್ಜುವ ಕಡೆ ಎರಡೇ ವಾರಕ್ಕೆ ಉಂಡೆ ಉಂಡೆ ಎದ್ದವು. ಪ್ರತಿ ಭಾನುವಾರ ಕೂತು ಬಾಚಿದೆ. ಆಮೇಲೆ ನುಸಿ ಹೊಕ್ಕಿತು. ಎದೆಯ ಮೇಲೆ ಸಾಸಿವೆ ಗಾತ್ರದ ನಾಲ್ಕು ತೂತು. ಒಂದು ಮೇಕೆಯಿಂದ ವರ್ಷಕ್ಕೆ ಸಿಗುವ ಒಳ್ಳೆ ತುಪ್ಪಳ ಸುಮಾರು 150–200 ಗ್ರಾಂ ಅಷ್ಟೇ. ಅಂಥದ್ದನ್ನು ಹುಳ ತಿಂದಾಗ ಅಳು ಬಂತು.

ಸೂಜಿಮೊನೆ: ಸುಮ್ನೆ ಹೆದರಿಸಬೇಡಿ. ನನ್ನ ಸ್ಯಾಟಿನ್ ಸ್ಕರ್ಟನ್ನು ಮಷೀನಿಗೇ ಹಾಕುತ್ತೇನೆ. ಏನೂ ಆಗಿಲ್ಲ.

ನೂಲೆಳೆ: ಸ್ಯಾಟಿನ್ ಅನ್ನೋದು ನೇಯ್ಗೆಯ ಹೆಸರು, ನೂಲಿನದಲ್ಲ. ನಿಮ್ಮದು ಪಾಲಿಯೆಸ್ಟರ್ ಇರಬೇಕು. ಇಲ್ಲಿ ಕೇಳಿದ್ದು ರೇಷ್ಮೆ ಬಗ್ಗೆ.

ಸೂಜಿಮೊನೆ: ಹೌದು, ಪಾಲಿಯೆಸ್ಟರೇ. ಏನೀಗ? ರೇಷ್ಮೆಯ ಹೊಳಪು ಎಲ್ಲರಿಗೂ ಬೇಕು ಅನ್ನೋ ಆಸೆ ಹಳೆಯದು. 1889ರಲ್ಲೇ ಪ್ಯಾರಿಸ್ಸಿನಲ್ಲಿ ಶಾರ್ಡೊನೆ ಅನ್ನೋ ಫ್ರೆಂಚ್ ಸಂಶೋಧಕ ಕೃತಕ ರೇಷ್ಮೆ ತೋರಿಸಿದ. ಹೊಳಪು ಉಳ್ಳವರ ಹತ್ತಿರ ಮಾತ್ರ ಇದ್ದಾಗ ಅದೇ ಅಂದ. ಎಲ್ಲರ ಮೈಮೇಲೆ ಬಂದ ಕೂಡಲೇ ಉಳ್ಳವರು ಹೊಳಪು ತೆಗೆದ ಮಂಕು ‘ಸ್ಯಾಂಡ್‌ವಾಶ್’ ರೇಷ್ಮೆ ಹಿಡಿದರು. ಈಗ ಹೊಳೆಯೋದು ಹಾಕಿದರೆ ಅಭಿರುಚಿ ಇಲ್ಲ ಅಂತೀರಿ. ನನ್ನ ತಂಗಿಯ ಮದುವೆಯಲ್ಲಿ ಒಬ್ಬರು ನನ್ನ ತೋಳು ಮುಟ್ಟಿ ನೋಡಿ, ‘ಓ, ಸಿಂಥೆಟಿಕ್ಕಾ’ ಅಂದರು. ಇನ್ನೂ ಮರೆತಿಲ್ಲ.

ನೂಲೆಳೆ: ಅಂದದ ಮಾತು ನಾನು ಎತ್ತಲೇ ಇಲ್ಲ. ಬೆವರಿದಾಗ ಪಾಲಿಯೆಸ್ಟರ್ ಮೈಗೆ ಅಂಟುತ್ತದೆ, ಅಷ್ಟೇ. ಒಗೆದಾಗಲೆಲ್ಲ ಪ್ಲಾಸ್ಟಿಕ್ ಎಳೆ ನೀರಿಗೆ ಹೋಗುತ್ತದೆ, ಅದನ್ನೂ ಹೇಳಿ.

ಕಪಾಟು: ನೀರಿನ ಮಾತು ಬಂತಲ್ಲ, ಹುಲ್ಲಿನದ್ದೂ ಬರಲಿ. ಮಂಗೋಲಿಯದಲ್ಲಿ ಮೇಕೆ ಜಾಸ್ತಿಯಾಗಿ ಹುಲ್ಲುಗಾವಲು ಸವೆಯುತ್ತಿದೆ. ಅಗ್ಗದ ಕ್ಯಾಶ್ಮೀರ್ ಎಲ್ಲರಿಗೂ ಬೇಕಾದದ್ದೂ ಅದಕ್ಕೊಂದು ಕಾರಣ.

ಸೂಜಿಮೊನೆ: ಅಂದರೆ ನೀವೊಬ್ಬರೇ ಹಾಕಬೇಕಿತ್ತಾ?

ಕಪಾಟು: ನಾನು ಹಾಗಂದೆನಾ? ಆ ತೂತು ರಫೂ ಮಾಡಿಸಿ ಅದನ್ನೇ ಹಾಕುತ್ತಿದ್ದೇನೆ. ಇನ್ನೊಂದು ಕೊಂಡಿಲ್ಲ.