ಅಪ್‌ಡೇಟ್: ಕಥೆಯ ಎಳೆ ಹೇಳುವುದೋ, ಚಿತ್ರಕಥೆ ಬರೆದೇ ಹೋಗುವುದೋ

ಬೀದರಿನ ಬಿದ್ರಿ ಕಲಾವಿದನೊಬ್ಬನ ಕಥೆಯ ಎಳೆಯನ್ನು ನಿರ್ಮಾಪಕರಿಗೆ ಬಾಯಲ್ಲೇ ಹೇಳಬೇಕೋ, ಪೂರ್ತಿ ಚಿತ್ರಕಥೆ ಬರೆದುಕೊಂಡು ಹೋಗಬೇಕೋ ಎಂದು ಈ ಹಿಂದೆ ಕೇಳಿದ್ದೆ; ಬಹುಪಾಲು ಜನರ ಸಲಹೆಯಂತೆ ಬರೆದೇ ಮುಗಿಸಿದ್ದೇನೆ. ಬರಿಯ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ರೂಪಕ್ಕಷ್ಟೇ ಉಂಟು ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿರುವುದೇ ನನಗೆ ಮುಖ್ಯ ಕಾರಣವಾಯಿತು.

ಬರೆಯುವಾಗ ಕಥೆಯ ಪೊಳ್ಳೂ ಬಯಲಾಯಿತು. ಕೋಟೆಯ ಮಣ್ಣು, ನವಸಾಗರ ಬೆರೆತ ಲೇಪದಲ್ಲಿ ಸತುವಿನ ಹೂಜಿ ಕಪ್ಪಾಗಿ, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿಯುವ ದೃಶ್ಯವನ್ನು ಮಧ್ಯಂತರಕ್ಕೆ ಇಟ್ಟಿದ್ದರಿಂದ, ಉತ್ತರಾರ್ಧದಲ್ಲಿ ನಾಯಕನಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಅದನ್ನೀಗ ಕ್ಲೈಮ್ಯಾಕ್ಸ್‌ಗೆ ಸರಿಸಿದ್ದೇನೆ. ಎರಡು ನಿಮಿಷದ ಮಾತಿನಲ್ಲಿ ಇಂಥ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ, ಹೇಳುವವನ ಕಣ್ಣಿಗಂತೂ ಇಲ್ಲವೇ ಇಲ್ಲ. ಆದರೂ ಗಾಂಧಿನಗರಕ್ಕೆ ಮೊದಲು ಒಂದು ಪುಟದ ಸಾರಾಂಶವನ್ನೇ ಕಳುಹಿಸುತ್ತೇನೆ. ಕೇಳಿದವರಿಗೆ ಚಿತ್ರಕಥೆ ಕೊಡುತ್ತೇನೆ.