ಅಪ್‌ಡೇಟ್: ಮೆಟ್ಟಿಲು ಇಳಿಯುವಾಗ ಎರಡೆರಡು ಕಾಣುತ್ತಿದ್ದದ್ದು

ಹನ್ನೆರಡು ದಿನದ ಹಿಂದೆ ಕೇಳಿದ್ದೆ: ಇಳಿಯುವಾಗ ಒಂದು ಮೆಟ್ಟಿಲಿನ ಮೇಲೆ ಇನ್ನೊಂದು ಕಾಣುತ್ತದೆ, ಪೇಪರ್ ಓದುವಾಗ ಸಾಲುಗಳು ಕಲಸಿಹೋಗುತ್ತವೆ, ಏನು ಮಾಡಲಿ ಅಂತ. ಕಾರಣ ಸಿಕ್ಕಿತು.

ನಂಬರ್ ಬದಲಿಸಿ ಅಂದವರ ಮಾತು ಕೇಳಿ ಹೊಸ ಕನ್ನಡಕ ಮಾಡಿಸಿದೆ. ದುಡ್ಡು ದಂಡ. ಡ್ರಾಪ್ಸ್ ಸುಮ್ನೆ ಉರಿಯಿತು ಅಷ್ಟೇ. ಕೆಲಸಕ್ಕೆ ಬಂದದ್ದು 'ಒಂದು ಕಣ್ಣು ಮುಚ್ಚಿ ನೋಡಿ' ಅನ್ನೋ ಸಲಹೆ. ಯಾವ ಕಣ್ಣು ಮುಚ್ಚಿದರೂ ಒಂದೇ ಮೆಟ್ಟಿಲು! ಅಂದರೆ ತೊಂದರೆ ಇದ್ದದ್ದು ಎರಡೂ ಕಣ್ಣು ಜೊತೆಯಾಗಿ ತಿರುಗುವುದರಲ್ಲಿ.

ಬಲಗಣ್ಣಿನ ನಾಲ್ಕನೇ ನರ ದುರ್ಬಲವಂತೆ. ಕಣ್ಣು ತಿರುಗಿಸೋಕೆ ಮೆದುಳಿನಿಂದ ಬರುವ ನರಗಳು 3, 4 ಮತ್ತು 6. ಆರನೆಯದು ಕಣ್ಣನ್ನು ಕಿವಿಯ ಕಡೆ ಎಳೆಯುತ್ತದೆ. ಮೂರನೆಯದಕ್ಕೆ ಜಾಸ್ತಿ ಕೆಲಸ, ರೆಪ್ಪೆ ಎತ್ತುವುದೂ ಅದೇ. ನಾಲ್ಕನೆಯದಕ್ಕೆ ಒಂದೇ ಸ್ನಾಯು, ಆದರೆ ಮೂಗಿನ ಕಡೆ ತಿರುಗಿದ ಕಣ್ಣು ಕೆಳಗಿಳಿಯಲು ಅದು ಬೇಕೇ ಬೇಕು. ಓದೋದು, ಮೆಟ್ಟಿಲು, ಎರಡೂ ಅದೇ ಅಲ್ವಾ?

ಡಾಕ್ಟರ್ ಹಳೇ ಫೋಟೋ ತರಿಸಿದರು. ಎರಡನೇ ಕ್ಲಾಸಿನ ಗ್ರೂಪ್ ಫೋಟೋ, ಅಣ್ಣನ ಮದುವೆ, ಎಲ್ಲದರಲ್ಲೂ ನನ್ನ ತಲೆ ಎಡಕ್ಕೆ ವಾಲಿದೆ! ಹುಟ್ಟಿನಿಂದಲೇ ಇತ್ತಂತೆ. ಹಾಗೆ ವಾಲಿಸಿಯೇ ಇಷ್ಟು ವರ್ಷ ಸರಿದೂಗಿಸಿದ್ದೇನೆ. ಅಮ್ಮ ಅದನ್ನು ನಾಚಿಕೆ ಅಂದುಕೊಂಡಿದ್ದರು.

ಸದ್ಯಕ್ಕೆ ಕನ್ನಡಕಕ್ಕೆ ಪ್ರಿಸಂ ಹಾಳೆ (ಬೆಳಕನ್ನು ಬಾಗಿಸಿ ಎರಡು ಚಿತ್ರಗಳನ್ನು ಒಂದಾಗಿಸುವ ತೆಳು ಪ್ಲಾಸ್ಟಿಕ್) ಅಂಟಿಸಿದ್ದಾರೆ. ಸಣ್ಣ ಗೆರೆಗಳಿವೆ, ಸ್ವಲ್ಪ ಮಬ್ಬು. ಮೆಟ್ಟಿಲು ಮಾತ್ರ ಒಂದೇ.

ಇನ್ನೊಂದು: ಇದ್ದಕ್ಕಿದ್ದಂತೆ ಎರಡು ಕಂಡು ರೆಪ್ಪೆಯೂ ಜೋತುಬಿದ್ದರೆ ನನ್ನ ಹಾಗೆ ದಿನ ತಳ್ಳಬೇಡಿ. ಅದು ಮೂರನೇ ನರ ಇರಬಹುದು, ಆವತ್ತೇ ಆಸ್ಪತ್ರೆಗೆ ಹೋಗಿ.