ಮದ್ದು ಬಿಡುವ ಸಮಯದಲ್ಲೇ ಕುತ್ತಿಗೆ ಹಿಡಿಯುವುದು ಯಾಕೆ?

ಪೆರ್ಲದ ಕೃಷಿಕ

ನನಗೆ 54 ವರ್ಷ. ಪೆರ್ಲದ ಹತ್ತಿರ ಎರಡು ಎಕರೆ ಅಡಿಕೆ ತೋಟ. ನಾಲ್ಕು ವರ್ಷದಿಂದ ಮಳೆಗಾಲ ಬಂತೆಂದರೆ ಕುತ್ತಿಗೆ ಹಿಡಿಯುತ್ತದೆ. ಎಡಗಡೆ, ಕಿವಿಯ ಕೆಳಗಿನಿಂದ ಹೆಗಲಿನವರೆಗೆ ಹಗ್ಗ ಬಿಗಿದ ಹಾಗೆ. ಬೈಕಿನಲ್ಲಿ ಹಿಂದೆ ತಿರುಗಿ ನೋಡಲಿಕ್ಕೂ ಆಗುವುದಿಲ್ಲ.

ಕಾರ್ಬನ್ ಫೈಬರ್ ದೋಟಿಯಲ್ಲಿ, ಅಂದರೆ ಉದ್ದದ ಕೋಲಿನಲ್ಲಿ, ನೆಲದಿಂದಲೇ ಅಡಿಕೆ ಗೊನೆಗೆ ರೋಗದ ಮದ್ದು ಬಿಡುತ್ತೇನೆ. ದಿನವಿಡೀ ಮೇಲೆ ನೋಡುವುದರಿಂದ ನೋವು ಅಂದುಕೊಂಡಿದ್ದೆ. ಆದರೆ ಕೊಯ್ಲಿಗೂ ಅದೇ ದೋಟಿ, ಮೇಲೆ ನೋಡುವುದೂ ಅಷ್ಟೇ. ಆಗ ಏನೂ ತೊಂದರೆ ಇಲ್ಲ.

ವ್ಯತ್ಯಾಸ ಒಂದೇ. ಮಳೆಗಾಲದಲ್ಲಿ ನನಗೆ ನಿದ್ದೆ ಇಲ್ಲ. ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತೇನೆ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ತೋಟಕ್ಕೆ ಹೋಗುತ್ತೇನೆ. ಬುಡದಲ್ಲಿ ಬಿದ್ದ ಕಾಯಿ ಹೆಕ್ಕಿ, ತೊಟ್ಟಿನ ಹತ್ತಿರ ಬಿಳಿ ಬೂಸ್ಟು ಇದೆಯಾ ಅಂತ ನೋಡುತ್ತೇನೆ. ಕಾಯಿ ಕೊಳೆತು ಉದುರುವ ಕೊಳೆರೋಗ ಬಂದರೆ ಬೆಳೆಸಾಲ ಕಟ್ಟುವುದು ಹೇಗೆ ಅಂತ ಅದೇ ಯೋಚನೆ.

ಎಕ್ಸ್‌ರೇಯಲ್ಲಿ ಸ್ವಲ್ಪ ಸವಕಳಿ, ವಯಸ್ಸಿಗೆ ಸಹಜವಂತೆ. "ಟೆನ್ಷನ್ ಕಡಿಮೆ ಮಾಡಿ" ಅಂದರು ಡಾಕ್ಟರು. ದುಬೈಯಲ್ಲಿರುವ ಮಗ ಕೈರೋಪ್ರಾಕ್ಟರ್ ಹತ್ತಿರ ಹೋಗಿ ಅನ್ನುತ್ತಾನೆ, ಬೆನ್ನು, ಕುತ್ತಿಗೆಯ ಗಂಟುಗಳನ್ನು ಕೈಯಿಂದ ಒತ್ತಿ ತಿರುಗಿಸಿ ಚಿಕಿತ್ಸೆ ಮಾಡುವವರಂತೆ. ಟೆನ್ಷನ್ನಿಗೂ ಕುತ್ತಿಗೆಗೂ ಏನು ಸಂಬಂಧ? ಗೊತ್ತಿದ್ದವರು ಹೇಳಿ.

ಕುಂಬಳೆಯವ, ಈಗ ಶಾರ್ಜಾ

ಅಣ್ಣಾ, ನಾನು ಕೈರೋಪ್ರಾಕ್ಟರ್. ನೀವು ಕೊಯ್ಲಿಗೂ ಮಳೆಗಾಲಕ್ಕೂ ಹೋಲಿಸಿ ನೋಡಿದ್ದು ತುಂಬ ಸರಿ. ನಾನು ನನ್ನ ಹತ್ತಿರ ಬರುವವರಿಗೆ ಕೇಳುವ ಮೊದಲ ಪ್ರಶ್ನೆಯೇ ಅದು.

ಹೆದರಿಕೆ ಆದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ. ಹೆಗಲು ನಮಗೆ ಗೊತ್ತಾಗದೆ ಮೇಲೆ ಹೋಗುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ, ಆ ಉಸಿರನ್ನು ಎಳೆಯುವ ಕೆಲಸವೂ ಕುತ್ತಿಗೆಯ ಸ್ನಾಯುಗಳ ಮೇಲೆ ಬೀಳುತ್ತದೆ. ಹೆದರಿಕೆ ಹೋದ ಮೇಲೆ ಇದೆಲ್ಲ ಸಡಿಲವಾಗಬೇಕು. ನಿಮಗೆ ಮೂರು ತಿಂಗಳು ಸಡಿಲವಾಗುವುದೇ ಇಲ್ಲ, ಅಲ್ವಾ? ನಿದ್ದೆ ಕಡಿಮೆಯಾದರೆ ಅಷ್ಟೇ ನೋವು ಇನ್ನೂ ಜಾಸ್ತಿ ಅನ್ನಿಸುತ್ತದೆ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲೇ ಇಲಿಗಳಲ್ಲಿ ಒತ್ತಡ ದೇಹಕ್ಕೆ ಏನು ಮಾಡುತ್ತದೆ ಅಂತ ನೋಡಿದ್ದರು. ದೇಹ ಮೊದಲು ಬೆಚ್ಚುತ್ತದೆ, ಆಮೇಲೆ ತಡೆದುಕೊಳ್ಳುತ್ತದೆ, ಒತ್ತಡ ಮುಗಿಯದಿದ್ದರೆ ಸೋಲುತ್ತದೆ.

ತೋಟದ ಕಣಿಯನ್ನೇ, ನೀರು ಹರಿದು ಹೋಗುವ ಆ ಕಾಲುವೆಯನ್ನೇ ನೋಡಿ. ಮಳೆ ಎಲ್ಲರ ತೋಟಕ್ಕೂ ಒಂದೇ. ಕಣಿ ಬಿಡಿಸಿದ ತೋಟದಲ್ಲಿ ನೀರು ಇಳಿದು ಹೋಗುತ್ತದೆ, ಮುಚ್ಚಿದಲ್ಲಿ ಬುಡ ಕೊಳೆಯುತ್ತದೆ. ನಿದ್ದೆ, ನಡಿಗೆ, ನಿಧಾನ ಉಸಿರು, ಮನೆಯವರ ಹತ್ತಿರ ಸಾಲದ ಮಾತು ಬಾಯಿಬಿಟ್ಟು ಹೇಳುವುದು, ಇವೇ ದೇಹದ ಕಣಿಗಳು.

ನನ್ನ ವಿದ್ಯೆಯ ಬಗ್ಗೆ ಒಂದು ಮಾತು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟಿನಲ್ಲಿ ಡಿ. ಡಿ. ಪಾಮರ್ ಇದನ್ನು ಶುರು ಮಾಡಿದಾಗ ಹೆಚ್ಚುಕಮ್ಮಿ ಎಲ್ಲ ರೋಗಕ್ಕೂ ಬೆನ್ನುಮೂಳೆ ಸರಿದದ್ದೇ ಕಾರಣ ಅಂದಿದ್ದರು. ಅದನ್ನು ನಾನು ಒಪ್ಪುವುದಿಲ್ಲ. ಕುತ್ತಿಗೆ ತಿರುಗಿಸುವಾಗ "ಕಟಕ್" ಅನ್ನುವುದು ಮೂಳೆ ಜಾಗಕ್ಕೆ ಕೂರುವ ಸದ್ದಲ್ಲ, ಗಂಟಿನ ದ್ರವದಲ್ಲಿ ಗಾಳಿಗುಳ್ಳೆಯಾಗುವ ಸದ್ದು. ಬಿಗಿದ ಗಂಟು ಸ್ವಲ್ಪ ಆಡುತ್ತದೆ, ನೋವು ಕೆಲವು ದಿನ ಇಳಿಯುತ್ತದೆ. ಆ ದಿನಗಳಲ್ಲಿ ವ್ಯಾಯಾಮ ಶುರು ಮಾಡದಿದ್ದರೆ ನೋವು ತಿರುಗಿ ಬರುತ್ತದೆ. ಬಹುಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆಯಲ್ಲೂ ಈ ಚಿಕಿತ್ಸೆ ಇದೆ, ಜೊತೆಗೇ ವ್ಯಾಯಾಮವೂ ಇದೆ.

ಕ್ಷೌರದಂಗಡಿಯಲ್ಲಿ ಮಾತ್ರ ಕುತ್ತಿಗೆ ಮುರಿಸಿಕೊಳ್ಳಬೇಡಿ. ಅಪರೂಪಕ್ಕೆ ರಕ್ತನಾಳ ಹರಿದು ಪಾರ್ಶ್ವವಾಯು ಆಗಬಹುದು. ಕೈ ಜುಮ್ಮೆನ್ನುವುದು, ಹಿಡಿತ ತಪ್ಪುವುದು, ನಡೆಯುವಾಗ ತೂರಾಡುವುದು ಇದ್ದರೆ ಯಾರ ಕೈಯಿಂದಲೂ ತಿರುಗಿಸಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.

ನೀರ್ಚಾಲಿನ ಟೀಚರ್

ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ಬೀಡಿಯ ತಡ್ಪೆ (ಮೊರ), ತಲೆ ಬಗ್ಗಿಸಿಯೇ ಕೆಲಸ. ಅವರಿಗೆ ಕುತ್ತಿಗೆ ಎತ್ತಲಿಕ್ಕಾಗದೆ ಹೋದದ್ದು ಅಪ್ಪ ಆಸ್ಪತ್ರೆಯಲ್ಲಿದ್ದ ವರ್ಷ ಮಾತ್ರ. ಆ ವರ್ಷ ಬೀಡಿ ಕಟ್ಟಿದ್ದು ಕಡಿಮೆಯೇ. ನಿಮ್ಮ ಬರಹ ಓದಿದಾಗ ಅದು ನೆನಪಾಯಿತು.

ಪೆರ್ಲದ ಕೃಷಿಕ

ಇಬ್ಬರಿಗೂ ಧನ್ಯವಾದ. ಇವತ್ತು ದೋಟಿ ಹಿಡಿದು ನಿಂತಾಗ ಗಮನಿಸಿದೆ. ಪ್ರತಿ ಗೊನೆಗೆ ಮದ್ದು ತಾಗುವವರೆಗೂ ನಾನು ಉಸಿರು ಬಿಗಿಹಿಡಿದೇ ನಿಲ್ಲುತ್ತೇನೆ. ಸಾಲದ ವಿಷಯ ರಾತ್ರಿ ಹೆಂಡತಿಯ ಹತ್ತಿರ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ.

ಒಂದು ವಿಷಯ ಮೊದಲು ಬರೆದಿರಲಿಲ್ಲ. ಬೆಳಗ್ಗೆ ಎಡಗೈಯ ಎರಡು ಬೆರಳು ಜುಮ್ಮೆನ್ನುತ್ತವೆ. ಸೋಮವಾರ ಮಂಗಳೂರಿಗೆ ಹೋಗಿ ತೋರಿಸುತ್ತೇನೆ.